ಚಿಕ್ಕಪೇಟೆಯ ಹಿಂಬಾಗಿಲು

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಚಿಕ್ಕಪೇಟೆ ಗೊತ್ತು ಅನ್ನುತ್ತಾರೆ. ಅವರಿಗೆ ಗೊತ್ತಿರುವುದು ಸೀರೆ ಅಂಗಡಿ. ಮನೆಯಲ್ಲಿ ಮದುವೆ ಗೊತ್ತಾದರೆ ಹೆಂಗಸರು, ಮಕ್ಕಳು, ದುಡ್ಡು ಕೊಡಲಿಕ್ಕೆಂದು ಒಬ್ಬ ಗಂಡಸು, ಎಲ್ಲರೂ ಹೊರಟು, ಬಿಳಿ ಹಾಸಿನ ಮೇಲೆ ಕೂತು, ಐವತ್ತು ಸೀರೆ ಬಿಚ್ಚಿಸಿ ಐದು ಆರಿಸಿ, ದೋಸೆ ತಿಂದು, ಸಂಜೆಯೊಳಗೆ ಮನೆ ಸೇರುತ್ತಾರೆ. 2017ರ ಜೂನ್‌ನಲ್ಲಿ ನೆಲದಡಿಯ ಮೆಟ್ರೊ ಬಂದ ಮೇಲಂತೂ ಸುತ್ತಲಿನ ಬೀದಿ ತುಳಿಯುವ ಅಗತ್ಯವೂ ಕಡಿಮೆಯಾಗಿದೆ. ಆ ಸೀರೆ ಅಂಗಡಿಯ ಹಿಂದಿನ ಗೋಡೆಯಾಚೆ ಏನಿದೆ ಎಂದು ಕೇಳಿ ನೋಡಿ. ಗೋಡೌನ್ ಇರಬೇಕು ಅನ್ನುತ್ತಾರೆ. ಅಲ್ಲಿ ಸಂಸಾರಗಳಿವೆ, ಮಗ್ಗಗಳಿವೆ, ಗರಡಿಮನೆಯಿದೆ, ಬೆಳಿಗ್ಗೆ ಎದ್ದು ನೀರು ಹಾಕಿ ರಂಗೋಲಿ ಬಿಡುವವರಿದ್ದಾರೆ ಎಂದರೆ ಹುಬ್ಬೇರಿಸುತ್ತಾರೆ.

ಬೆಂಗಳೂರನ್ನು ‘ನೋಡಲು’ ಬಂದವರನ್ನು ನಾವು ಕರೆದೊಯ್ಯುವುದು ಲಾಲ್‌ಬಾಗ್, ವಿಧಾನಸೌಧ, ಅರಮನೆಗೆ. ಹಳೆಯ ಬೆಂಗಳೂರು ಬೇಕು ಅಂದರೆ ಕಂಟೋನ್ಮೆಂಟಿನ ಬಂಗಲೆ, ಚರ್ಚು, ಎಂ.ಜಿ. ರಸ್ತೆಯ ನೆನಪು. ದಂಡು, ಅಂದರೆ ಈ ಕಂಟೋನ್ಮೆಂಟು, ಮತ್ತು ಪೇಟೆ 1949ರವರೆಗೆ ಎರಡು ಬೇರೆ ಆಡಳಿತದ ಊರುಗಳಾಗಿದ್ದವು. ಒಂದಾಗಿ ಇಷ್ಟು ಕಾಲವಾದರೂ ದಂಡಿನ ಕಥೆಗೆ ಸಿಕ್ಕ ಕಾಗದ, ಫೋಟೊ, ಕಾಫಿ ಟೇಬಲ್ ಪುಸ್ತಕ ಪೇಟೆಗೆ ಸಿಕ್ಕಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು ಪೇಟೆಯನ್ನು. ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಬಿಟ್ಟು ಉಳುಮೆ ಮಾಡಿಸಿದ ಗೆರೆಯ ಮೇಲೆ ರಸ್ತೆ ಹಾಕಿದರು ಎಂಬ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಗೆರೆಗಳು ಕೂಡುವ ಜಾಗ ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಸೇರುವ ಚೌಕ. ದೊಡ್ಡಪೇಟೆ ಎಂದರೆ ಈಗಿನ ಅವೆನ್ಯೂ ರಸ್ತೆ. ಕಥೆ ಎಷ್ಟು ನಿಜವೋ ಏನೋ, ಆ ಎರಡು ರಸ್ತೆಗಳು ಇವತ್ತಿಗೂ ಅಲ್ಲೇ ಅಡ್ಡಹಾಯುತ್ತವೆ. ಅದರ ಮಧ್ಯೆ ನಿಂತು ಇತಿಹಾಸ ಯೋಚಿಸಲು ಮಾತ್ರ ಆಗುವುದಿಲ್ಲ, ಮೂಟೆ ಹೊತ್ತ ಕೈಗಾಡಿ ಹಿಂದಿನಿಂದ ಬಂದು ಪಕ್ಕಕ್ಕೆ ಸರಿಸುತ್ತದೆ.

ಪೇಟೆಯೊಳಗೆ ಫೋನಿನ ನಕ್ಷೆ ನಂಬಿ ನಡೆಯುವುದು ಕಷ್ಟದ ಕೆಲಸ. ಎರಡು ಆಳು ಅಗಲದ ಗಲ್ಲಿಯಲ್ಲಿ, ಮೂರಂತಸ್ತಿನ ಕಟ್ಟಡಗಳ ನಡುವೆ, ಪರದೆಯ ಮೇಲಿನ ನೀಲಿ ಚುಕ್ಕಿ ಪಕ್ಕದ ಬೀದಿಗೆ ಹಾರುತ್ತದೆ, ವಾಪಸು ಬರುತ್ತದೆ. ನಕ್ಷೆಯಲ್ಲಿ ಮುಗಿದ ಗಲ್ಲಿ ನಿಜದಲ್ಲಿ ಯಾರದೋ ಮನೆಯ ಓಣಿಯೊಳಗಿಂದ ಆಚೆ ಬೀದಿಗೆ ಹೋಗುತ್ತದೆ. ಆ ಓಣಿಯಲ್ಲಿ ನಡೆಯಬಹುದೇ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಹೇಳಬಲ್ಲವರೊಬ್ಬರ ನಂಬರನ್ನು ಸ್ನೇಹಿತರು ಕೊಟ್ಟಿದ್ದರಿಂದ ಈ ಲೇಖನ.

ಅವರ ಹೆಸರು ಹಾಕುವಂತಿಲ್ಲ. “ಹೆಸರು ಬಿದ್ರೆ ಮನೇಲಿ ತಮ್ಮಂದಿರು ಆದಾಯ ಎಷ್ಟು ಅಂತ ಕೇಳ್ತಾರೆ ಸಾರ್” ಎಂದರು. ಅರವತ್ತು ದಾಟಿದವರು, ಕಬ್ಬನ್‌ಪೇಟೆಯ ಮಗ್ಗದ ಮನೆಯಲ್ಲಿ ಹುಟ್ಟಿದವರು. ತಂದೆಯ ಮಗ್ಗ ನಿಂತ ಮೇಲೆ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದರು. ಈಗ ಕೇಳಿದವರನ್ನು ಪೇಟೆ ಸುತ್ತಿಸುತ್ತಾರೆ. ಕೊರಳಲ್ಲಿ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿಯಿಲ್ಲ, ಕೈಯಲ್ಲಿ ಬಾವುಟವಿಲ್ಲ, ಮೈಕಂತೂ ಇಲ್ಲವೇ ಇಲ್ಲ. ಒಂದು ಸಲಕ್ಕೆ ನಾಲ್ಕೇ ಜನ. ಐದನೆಯವರು ಬಂದರೆ ಅದು ಮೆರವಣಿಗೆಯಾಗುತ್ತದೆ ಎಂಬುದು ಅವರ ಲೆಕ್ಕ. ಹೊರಡುವ ಮೊದಲು ಎರಡು ಷರತ್ತು ಹಾಕುತ್ತಾರೆ. ತಾವು ಹೇಳುವವರೆಗೆ ಫೋನು ಜೇಬಿನಿಂದ ಆಚೆ ತೆಗೆಯಬಾರದು. ಯಾರ ಮನೆ ಮುಂದೆಯೂ ನಿಂತು ‘ಅಯ್ಯೋ ಪಾಪ’ ಅನ್ನಬಾರದು.

ಭಾನುವಾರ ಬರುತ್ತೇನೆ ಎಂದಿದ್ದಕ್ಕೆ ಬೇಡವೆಂದರು. ಊರಿನ ಪಾರಂಪರಿಕ ನಡಿಗೆಗಳೆಲ್ಲ ಭಾನುವಾರದ ಬೆಳಿಗ್ಗೆಯವು. ಜನಸಂದಣಿ ಇಲ್ಲ, ಫೋಟೊ ಚೆನ್ನಾಗಿ ಬರುತ್ತದೆ. “ಬಾಗಿಲು ಮುಚ್ಚಿದ ಪೇಟೇಲಿ ಏನ್ ನೋಡ್ತೀರಿ, ಷಟರ್ರಾ?” ವಾರದ ದಿನ, ಬೆಳಿಗ್ಗೆ ಏಳಕ್ಕೆ ಮೈಸೂರು ಬ್ಯಾಂಕ್ ವೃತ್ತಕ್ಕೆ ಬರಹೇಳಿದರು.

ಅವೆನ್ಯೂ ರಸ್ತೆ ಶುರುವಾಗುವಲ್ಲಿಯೇ ಯಲಹಂಕ ಗೇಟ್ ಆಂಜನೇಯನ ಗುಡಿ. ಪೇಟೆಯ ಸುತ್ತ ಮಣ್ಣಿನ ಕೋಟೆಗೋಡೆ, ಕಂದಕ, ಊರೂರ ದಾರಿಗೆ ಒಂದೊಂದು ಬಾಗಿಲು ಇದ್ದ ಕಾಲದಲ್ಲಿ ಯಲಹಂಕದ ಕಡೆಗೆ ತೆರೆದ ಬಾಗಿಲು ಇಲ್ಲಿತ್ತು. ಗೋಡೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಕೆಡವಿದರು. ಬಾಗಿಲು ಹೋಗಿ ಹೆಸರು ಮಾತ್ರ ಆಂಜನೇಯನ ಹತ್ತಿರ ಉಳಿಯಿತು. ಇನ್ನೊಂದು ಬಾಗಿಲಿನ ಹೆಸರನ್ನು ಪೊಲೀಸರು ಉಳಿಸಿದ್ದಾರೆ: ಹಲಸೂರು ಗೇಟ್ ಠಾಣೆ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಧಿಪತಿ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಆ ಬಾಗಿಲನ್ನು ಒಡೆದು. ಎರಡು ವಾರದ ಬಳಿಕ, 21ರ ರಾತ್ರಿ, ಕೋಟೆ ಬಿತ್ತು. ಕೋಟೆಯ ಗೋಡೆಯಲ್ಲಿ ಬಿರುಕು ಬಿದ್ದ ಜಾಗಕ್ಕೆ ಬ್ರಿಟಿಷರು ಕಲ್ಲಿನ ಫಲಕ ಹಾಕಿಕೊಂಡರು, ಪೇಟೆಯಲ್ಲಿ ಬೀದಿಬೀದಿಗೆ ನಡೆದ ಕಾದಾಟಕ್ಕೆ ಅಂಥದ್ದೇನೂ ಕಾಣದು.

ಇದನ್ನು ನಮ್ಮ ಗೈಡ್ ಹೇಳಿದ್ದಲ್ಲ. ಅವರ ಇತಿಹಾಸದಲ್ಲಿ ಎರಡೇ ಕಾಲ. ಒಂದು ಕೆಂಪೇಗೌಡರ ಕಾಲ, ಇನ್ನೊಂದು ಟಿಪ್ಪು ಕಾಲ. ಸ್ವಲ್ಪ ಹಳೆಯದಾಗಿ ಕಂಡಿದ್ದೆಲ್ಲ ಈ ಎರಡರಲ್ಲಿ ಒಂದಕ್ಕೆ ಸೇರುತ್ತದೆ. ಒಂದು ದೇವಸ್ಥಾನದ ಮುಂದೆ ನಿಲ್ಲಿಸಿ, ಗರ್ಭಗುಡಿಯಿಂದ ಕೋಟೆಗೆ ಸುರಂಗ ಇದೆ ಎಂದರು. ಕರ್ನಾಟಕದ ಯಾವ ಊರಿಗೆ ಹೋದರೂ ಒಂದು ಸುರಂಗ ಇದ್ದೇ ಇರುತ್ತದೆ, ಒಳಗೆ ಹೋದವರು ಮಾತ್ರ ಒಬ್ಬರೂ ಸಿಗುವುದಿಲ್ಲ. ಇಸವಿ ಬೇಕಾದವರು ಪುಸ್ತಕ ಓದಿಕೊಂಡು ಬರುವುದು ಒಳ್ಳೆಯದು. ಗಲ್ಲಿಯವರೇ ಆದ ಗೈಡ್ ಇಸವಿಗಲ್ಲ, ಬಾಗಿಲಿಗೆ ಬೇಕು. ಯಾವ ಬಾಗಿಲು ತಟ್ಟಬಹುದು, ಯಾವುದನ್ನು ತಟ್ಟಬಾರದು, ತಟ್ಟಿದ ಮೇಲೆ ಏನು ಕೇಳಬಹುದು ಅನ್ನುವುದಕ್ಕೆ.

ರೈಸ್ ಮೆಮೋರಿಯಲ್ ಚರ್ಚನ್ನು ಅವರು ನಿಲ್ಲದೆಯೇ ದಾಟಿಬಿಟ್ಟರು. ನಾನು ನಿಂತೆ. ಪುಸ್ತಕದಂಗಡಿ, ಆಭರಣದಂಗಡಿಗಳ ಗದ್ದಲದಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಕಟ್ಟಡ. ಮಿಷನರಿ ಬೆಂಜಮಿನ್ ರೈಸ್ ಹೆಸರಿನದು. ಅವರ ಮಗ ಬಿ.ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿ, ಊರೂರು ಅಲೆದು ಶಾಸನ ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದವರು. ಕನ್ನಡ ನಾಡಿನ ಇತಿಹಾಸ ಬರೆಯುವ ಯಾರೂ ಇವತ್ತಿಗೂ ಆ ಸಂಪುಟಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. “ನಿಮಗೆ ಇದು ಇಷ್ಟಾನಾ? ಹಾಗಾದ್ರೆ ನೋಡಿ, ನಾನು ಕಾಫಿ ಕುಡೀತೀನಿ” ಎಂದು ಎದುರುಗಡೆ ಹೋದರು.

ಕಬ್ಬನ್‌ಪೇಟೆಗೆ ತಿರುಗಿದ ಮೇಲೆ ಅವರ ನಡಿಗೆಯೇ ಬದಲಾಯಿತು. ಅಲ್ಲಿಯವರೆಗೆ ಮುಂದೆ ಮುಂದೆ ಹೋಗುತ್ತಿದ್ದವರು ಈಗ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಜಗುಲಿ ಮೇಲೆ ಪೇಪರ್ ಓದುತ್ತಿದ್ದವರು ಕನ್ನಡಕ ಸರಿಸಿ “ಏನಪ್ಪಾ, ಶೂಟಿಂಗ್‌ನೋರಾ?” ಅಂದರು. ತರಕಾರಿ ಆರಿಸುತ್ತಿದ್ದ ಹೆಂಗಸು “ಮಾಮ, ಅಕ್ಕನ ಕಾಲು ಹೇಗಿದೆ?” ಅಂದರು. ಒಬ್ಬರೊಡನೆ ತೆಲುಗು, ಇನ್ನೊಬ್ಬರೊಡನೆ ಕನ್ನಡ, ಮೂಲೆ ಅಂಗಡಿಯ ಮಾರವಾಡಿ ಹುಡುಗನೊಡನೆ ಹಿಂದಿ ಬೆರೆತ ಪೇಟೆ ಮಾತು. ಈ ಬೀದಿಗಳಲ್ಲಿ ದೇವಾಂಗರಿದ್ದಾರೆ, ಪದ್ಮಶಾಲಿಗಳಿದ್ದಾರೆ, ಮನೆಯೊಳಗೆ ತಮ್ಮದೇ ಬೇರೆ ಭಾಷೆಯಾಡುವ ಪಟ್ಟೇಗಾರರಿದ್ದಾರೆ. ಕಬ್ಬನ್‌ಪೇಟೆ ಎಂಬ ಹೆಸರು ಕಮಿಷನರ್ ಮಾರ್ಕ್ ಕಬ್ಬನ್ನನದು. ಅವನು 1834ರಿಂದ 1861ರವರೆಗೆ ಮೈಸೂರನ್ನು ಆಳಿದವನು. ನೇಕಾರರು ಪೇಟೆಯಲ್ಲಿದ್ದದ್ದು ಅವನಿಗೂ ಬಹಳ ಮೊದಲಿನಿಂದ. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ 1800ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದಾಗ ಪಟ್ಟೇಗಾರರು, ಖತ್ರಿಗಳು, ದೇವಾಂಗರು, ತೊಗಟರು ಎಂದು ಪಂಗಡ ಪಂಗಡವಾಗಿ ಕರೆಸಿ ಕೇಳಿ, ಯಾರು ಯಾವ ಬಟ್ಟೆ ನೇಯುತ್ತಾರೆ ಎಂದು ಬಿಡಿಸಿ ಬರೆದಿಟ್ಟಿದ್ದಾನೆ. ಟಿಪ್ಪು ಸತ್ತು ಆಗಿನ್ನೂ ವರ್ಷವಾಗಿತ್ತು.

ಹಿಂದೆ ಕಬ್ಬನ್‌ಪೇಟೆಯಲ್ಲಿ ನಡೆದರೆ ಎರಡೂ ಕಡೆಯಿಂದ ಮಗ್ಗದ ಸದ್ದು ಬಡಿಯುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಈಗ ಸದ್ದು ಬರುವ ಮನೆಯನ್ನು ಹುಡುಕಬೇಕು. ನಮ್ಮ ಗೈಡ್ ಒಂದು ಗಲ್ಲಿಯ ಬಾಯಲ್ಲಿ ನಿಂತು ಕಿವಿ ಕೊಟ್ಟರು. ಒಳಗಿನಿಂದ ಪವರ್‌ಲೂಮಿನ ಖಟಪಟ. “ಲಾಳಿ ಒಂದು ಕಡೆ ಜೋರಾಗಿ ಹೊಡೀತಿದೆ, ಪಟ್ಟಿ ಸವೆದಿರಬೇಕು” ಎಂದು ತಮಗೆ ತಾವೇ ಹೇಳಿಕೊಂಡು ಬಾಗಿಲು ತಟ್ಟಿದರು. ಒಳಗೆ ಹೋಗಿ ಕೇಳಿದರೆ ಪಟ್ಟಿ ಸವೆದಿತ್ತು. ಹೊಸದನ್ನು ತರಲು ಮಗನನ್ನು ಕಳಿಸಿದ್ದೇನೆ ಎಂದರು ಮನೆಯ ಯಜಮಾನರು.

ಆ ಕೋಣೆ ಬೀದಿಗಿಂತ ಎರಡು ಮೆಟ್ಟಿಲು ಕೆಳಗಿತ್ತು. ಎರಡು ಮಗ್ಗ. ಒಂದು ಓಡುತ್ತಿತ್ತು. ತಲೆಯ ಮೇಲೆ ಜಕಾರ್ಡು, ಅದರಿಂದ ಮಾಲೆಯಾಗಿ ಇಳಿಬಿದ್ದ ತೂತಿನ ರಟ್ಟುಗಳು. ಒಂದು ರಟ್ಟು ತಿರುಗಿ ಬಂದರೆ ಸೀರೆಯಲ್ಲಿ ಒಂದು ಎಳೆ ಹೊಕ್ಕು. ತೂತಿದ್ದ ಕಡೆ ಹಾಸಿನ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಅಂಗೈಯಷ್ಟು ಒಂದು ಮಾವಿನಕಾಯಿ ಬುಟ್ಟಾ ಮೂಡಲು ರಟ್ಟಿನ ದೊಡ್ಡ ಕಟ್ಟೇ ಬೇಕು. ನಮ್ಮ ಗೈಡ್ ಹುಡುಗನಾಗಿದ್ದಾಗ ಈ ರಟ್ಟಿಗೆ ತೂತು ಹೊಡೆಯುವ ಕೆಲಸ ಮಾಡಿದವರು. ಚೌಕುಳಿ ಹಾಳೆಯ ಮೇಲೆ ಬಿಡಿಸಿದ ನಮೂನೆಯನ್ನು ಸಾಲುಸಾಲಾಗಿ ಓದಿ, ಒಂದು ತೂತು ತಪ್ಪಿದರೆ ಬೈಸಿಕೊಂಡು, ಸಂಜೆ ಕೂಲಿ ತೆಗೆದುಕೊಂಡವರು. ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ.

ನಿಂತಿದ್ದ ಮಗ್ಗದ ಮುಂದೆ ಹೆಂಗಸೊಬ್ಬರು ನೆಲದ ಮೇಲೆ ಕೂತು ಹೊಸ ಹಾಸು ಕೆಚ್ಚುತ್ತಿದ್ದರು. ನಾನು ಪೇಟೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಿದ್ದು ಇದನ್ನೇ. ಮುಗಿದುಹೋದ ಹಾಸಿನ ತುದಿಗಳು ಮಗ್ಗದಲ್ಲೇ ಇರುತ್ತವೆ. ಹೊಸ ಹಾಸಿನ ಒಂದೊಂದು ರೇಷ್ಮೆ ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸಬೇಕು. ಗಂಟು ಹಾಕುವುದಲ್ಲ, ಹುರಿ ಮಾಡುವುದು. ಪಕ್ಕದಲ್ಲಿ ಚಿಪ್ಪಿನ ತುಂಬ ಬೂದಿ. ಹೆಬ್ಬೆರಳಿಗೆ ಬೂದಿ ಮುಟ್ಟಿಸಿ, ಎರಡು ತುದಿ ಹಿಡಿದು, ತೋರುಬೆರಳಿನ ಮೇಲೆ ಒಮ್ಮೆ ಉಜ್ಜಿ, ಮಡಿಸಿ ಮತ್ತೊಮ್ಮೆ ಉಜ್ಜಿದರೆ ಎಳೆ ಕೂಡಿಕೊಂಡಿತು. ಮುಂದಿನದು. ಸಾವಿರಾರು ಎಳೆ. ಅವರು ಬೆರಳನ್ನು ನೋಡುತ್ತಿರಲಿಲ್ಲ, ಎದುರಿನ ಗೋಡೆಗೆ ಹಾಕಿದ್ದ ಟಿ.ವಿ.ಯಲ್ಲಿ ಧಾರಾವಾಹಿಯ ಮರುಪ್ರಸಾರ ನೋಡುತ್ತಿದ್ದರು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. “ಕರೆಂಟ್ ಹೋಗದಿದ್ರೆ ಇವತ್ತೇ ಮುಗಿಯುತ್ತೆ, ಟಿ.ವಿ. ಇಲ್ಲದಿದ್ರೆ ಬೇಜಾರು” ಎಂದರು.

ಇಲ್ಲಿ ನೇಯ್ದ ಸೀರೆ ನೂರು ಗಜ ದೂರದ ಅಂಗಡಿಯ ಬಿಳಿ ಹಾಸಿನ ಮೇಲೆ ಬೀಳುತ್ತದೆ ಎಂದುಕೊಂಡರೆ ತಪ್ಪು. ಅಲ್ಲಿ ಬಿಚ್ಚುವ ಮಾಲಿನಲ್ಲಿ ಸೂರತ್ತಿನದು ಎಷ್ಟೋ. ಮಗ್ಗಗಳು ದೊಡ್ಡಬಳ್ಳಾಪುರದ ಕಡೆಗೆ, ಊರಿನ ಹೊರಗಿನ ಬಡಾವಣೆಗಳಿಗೆ ಹೋಗಿವೆ. ಕಾರಣ ಸರಳ. ಈ ಎರಡು ಮಗ್ಗದ ಕೋಣೆಯನ್ನು ಗುಂಡಿ, ಜಿಪ್ ಮಾರುವ ಹೋಲ್‌ಸೇಲಿನವರಿಗೆ ಬಾಡಿಗೆಗೆ ಕೊಟ್ಟರೆ ಮಗ್ಗ ತರುವುದಕ್ಕಿಂತ ಹೆಚ್ಚು ದುಡ್ಡು ಕೂತಲ್ಲೇ ಬರುತ್ತದೆ. ನಮ್ಮ ಗೈಡ್ ಮನೆಯಲ್ಲೂ ಆದದ್ದು ಇದೇ. ಕಂಬದ ತೊಟ್ಟಿಮನೆಯನ್ನು ಅಣ್ಣ ತಮ್ಮಂದಿರು ಕೂಡಿ ಕೆಡವಿ, ಕೆಳಗೆ ಗೋಡೌನು, ಮೇಲೆ ಮನೆಗಳು ಎಂದು ಕಟ್ಟಿಸಿಕೊಂಡಿದ್ದಾರೆ. ಬೇಸರವಾಗಲಿಲ್ಲವೇ ಎಂದರೆ ನಗುತ್ತಾರೆ. “ತೊಟ್ಟೀಲಿ ಮಳೆ ನೀರು ಬೀಳೋದನ್ನ ನೀವು ಫೋಟೊದಲ್ಲಿ ನೋಡಿದ್ದೀರಿ ಸಾರ್. ಅದನ್ನ ರಾತ್ರಿಯೆಲ್ಲ ಎತ್ತಿ ಸುರಿದವರು ನಾವು.” ಹಳೆಯ ಮನೆ ಉಳಿಯಬೇಕು ಎಂದು ಬರೆಯುವ ನನ್ನಂಥವರು ಯಾರೂ ಆ ನೀರು ಎತ್ತಿದವರಲ್ಲ. ಹಾಗಂತ ಎಲ್ಲ ಕೆಡವಿ ಷಟರ್ ಎಳೆದರೆ ಒಳ್ಳೆಯದೇ ಎಂದೂ ನನಗೆ ಅನ್ನಿಸುವುದಿಲ್ಲ. ಉಳಿಸಿಕೊಂಡವರಿಗೆ ಊರು ಏನಾದರೂ ಕೊಡಬೇಕು. ತೆರಿಗೆಯಲ್ಲೋ, ದುರಸ್ತಿಯ ಸಾಲದಲ್ಲೋ. ಬರೀ ಮೆಚ್ಚುಗೆಯಿಂದ ಹೆಂಚು ಕೂರುವುದಿಲ್ಲ.

ಅಲ್ಲಿಂದ ಮುಂದೆ ಒಂದು ಗಲ್ಲಿಗೆ ತಿರುಗಬೇಕಾದವರು ತಟ್ಟನೆ ಹಿಂದೆ ಬಂದರು. “ಇವತ್ತು ಆ ಕಡೆ ಬೇಡ.” ಒಂದು ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ನಿನ್ನೆ ರಾತ್ರಿ ಹಿರಿಯರೊಬ್ಬರು ತೀರಿಕೊಂಡಿದ್ದರಂತೆ. ಆ ಗಲ್ಲಿಯಲ್ಲಿ ಪೇಟೆಯಲ್ಲೇ ಚೆಂದದ ಕೆತ್ತನೆ ಬಾಗಿಲಿದೆ ಎಂದು ಆಮೇಲೆ ಹೇಳಿದರು. ತೋರಿಸಲಿಲ್ಲ.

ನಗರ್ತಪೇಟೆಯ ಚಿನ್ನದ ಕೆಲಸಕ್ಕೆ ಬೇರೆಯೇ ಹೊತ್ತು. ವಿಶ್ವಕರ್ಮರ ಕಾಳಿಕಾಂಬ ದೇವಸ್ಥಾನ ಇಲ್ಲಿದೆ. ಅಕ್ಕಸಾಲಿಗರ ಬೀದಿ ಎಂದು ಬೇರೆ ಹೇಳಬೇಕಿಲ್ಲ. ಆದರೆ ಈಗ ಮಹಡಿಯ ಮೇಲಿನ ಕೋಣೆಗಳಲ್ಲಿ ಕೂತು ಚಿನ್ನಕ್ಕೆ ಬೆಂಕಿಯೂದುವ ಹುಡುಗರಲ್ಲಿ ಬಹಳ ಮಂದಿ ಪಶ್ಚಿಮ ಬಂಗಾಳದವರು. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆಯಲ್ಲಿ ಏಳೆಂಟು ಜನ, ಗಿಡ್ಡ ಮಣೆಯ ಮುಂದೆ ಚಕ್ಕಂಬಕ್ಕಳ. ಮಣೆಯಂಚಿಗೆ ಚರ್ಮದ ಜೋಳಿಗೆ ಸಿಕ್ಕಿಸಿ ತೊಡೆಯ ಮೇಲೆ ಹರಡಿಕೊಂಡಿರುತ್ತಾರೆ. ಅರದಲ್ಲಿ ಉಜ್ಜಿದಾಗ ಉದುರಿದ ಚಿನ್ನದ ಪುಡಿ ಅದರೊಳಗೆ. ಊಟಕ್ಕೆ ಏಳುವಾಗ ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಡ್ರಮ್ಮಿಗೆ ಹೋಗುತ್ತದೆ. ರಾತ್ರಿ ಮಣೆ ಸರಿಸಿದರೆ ಅದೇ ಕೋಣೆ ಮಲಗುವ ಮನೆ. ಮೂಲೆಯಲ್ಲಿ ಸ್ಟೌವು, ಸಾಸಿವೆ ಎಣ್ಣೆ ವಾಸನೆ. ಗಾಳಿಯಾಡುವುದಕ್ಕೆ ಒಂದು ಕಿಟಕಿ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಇಂಥ ಕಡೆ ಬೆಂಕಿ ಬಿದ್ದರೆ ಇಳಿಯಲು ಇರುವುದು ಅದೊಂದೇ ಮೆಟ್ಟಿಲು. ಇದನ್ನು ‘ಜೀವಂತ ಪರಂಪರೆ’ ಎಂದು ಕರೆದು ಖುಷಿಪಡುವ ಬರಹಗಳನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ.

ಕೆಳಗೆ ಇಳಿದಾಗ ಒಬ್ಬಾಕೆ ಪೊರಕೆ ಹಿಡಿದು ಮೋರಿಯಂಚನ್ನು ಗುಡಿಸುತ್ತಿದ್ದರು. ಪೌರಕಾರ್ಮಿಕರಲ್ಲ. ಕಸವನ್ನು ಬಿಟ್ಟು ಮಣ್ಣನ್ನಷ್ಟೇ ಡಬ್ಬಿಗೆ ತುಂಬಿಕೊಳ್ಳುತ್ತಿದ್ದರು. ಅಕ್ಕಸಾಲಿಗರ ಬಟ್ಟೆ, ಚಪ್ಪಲಿ, ಕೂದಲಿಗೆ ಅಂಟಿ ಬೀದಿಗಿಳಿದ ಚಿನ್ನದ ಕಣಗಳು ಆ ಮಣ್ಣಿನಲ್ಲಿರುತ್ತವೆ. ತೊಳೆದು, ಸೋಸಿ, ಕಾಯಿಸಿ ತೆಗೆಯುತ್ತಾರೆ. ಯಾರು ಯಾವ ಅಂಗಡಿಯ ಮುಂದೆ ಗುಡಿಸಬೇಕು ಎಂಬುದಕ್ಕೂ ಕಟ್ಟುಪಾಡಿದೆ. ನಮ್ಮ ಗೈಡ್ ಆಕೆಯ ಹತ್ತಿರ ಕುಶಲ ಕೇಳಿದರು, ನಮ್ಮನ್ನು ಪರಿಚಯಿಸಲಿಲ್ಲ. ಎಷ್ಟು ಸಿಗುತ್ತದೆ ಎಂದು ನಾನು ಕೇಳಹೊರಟಾಗ ಕೈ ಹಿಡಿದು ಮುಂದೆ ನಡೆಸಿದರು. “ನಿಮ್ಮ ಸಂಬಳ ಅವರು ಕೇಳಿದ್ರಾ?”

ಪೇಟೆಯ ಮಿಕ್ಕ ಬೀದಿಗಳನ್ನು ಬೇಗ ಬೇಗ ದಾಟಿದೆವು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳು, ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿನ ಬಿಡಿಭಾಗ, ಮಾಮೂಲ್‌ಪೇಟೆಯಲ್ಲಿ ಬಳೆ, ಟೇಪು, ಹುಟ್ಟುಹಬ್ಬದ ಬಲೂನು. ಇವನ್ನು ನೋಡಲು ಗೈಡ್ ಬೇಕಿಲ್ಲ, ಚೌಕಾಸಿ ಬಂದರೆ ಸಾಕು. ಬಳೇಪೇಟೆಯ ವಾದ್ಯದಂಗಡಿಯೊಂದರಲ್ಲಿ ಮಾತ್ರ ಸ್ವಲ್ಪ ಕೂತೆವು. ಮೃದಂಗಕ್ಕೆ ಬಾರು ಬಿಗಿಯುತ್ತಿದ್ದವರು ಬಡಿದು ಕೇಳಿ, ಮತ್ತೆ ಬಿಗಿದು, ಒಳಗಿದ್ದ ಮುದುಕರ ಕಡೆ ನೋಡುತ್ತಿದ್ದರು. ಮುದುಕರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ ತಲೆಯಾಡಿಸಿದಾಗ ಆ ಬಾರು ಮುಗಿಯಿತು.

ತಿಗಳರಪೇಟೆಗೆ ಬಂದಾಗ ಬಿಸಿಲೇರಿತ್ತು. ಧರ್ಮರಾಯ ಸ್ವಾಮಿ ದೇವಸ್ಥಾನವನ್ನು ಕರಗದ ರಾತ್ರಿ ಟಿ.ವಿ.ಯಲ್ಲಿ ನೋಡದ ಕನ್ನಡಿಗರಿಲ್ಲ. ಚೈತ್ರ ಹುಣ್ಣಿಮೆಯ ಆ ರಾತ್ರಿ ಬಿಟ್ಟು ಬೇರೆ ದಿನ ಈ ಬೀದಿಗೆ ಬಂದವರು ಎಷ್ಟು ಜನ? ಊರಿಗೆ ಹೂವು ತರಕಾರಿ ಬೆಳೆದುಕೊಟ್ಟ ತಿಗಳರ ಪೇಟೆ ಇದು. ಅವರ ತೋಟಗಳಿಗೆ ನೀರಿದ್ದದ್ದು ಕೆರೆಗಳಿಂದ. ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ಕರಗದ ವಿಧಿಗೆ ನೀರು ಬೇಕೇ ಬೇಕು. ಕ್ರೀಡಾಂಗಣದ ಮಗ್ಗುಲಲ್ಲಿ ಉಳಿಸಿಕೊಂಡ ಚಿಕ್ಕ ಕಲ್ಯಾಣಿಗೆ ಇವತ್ತಿಗೂ ಹೋಗುತ್ತಾರೆ. ಊರಿನ ಆ ಕಡೆಯ ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕೂತಿದೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಂತಾಗ ಎಲ್ಲರೂ ಬೈಯುವುದು ಪಾಲಿಕೆಯನ್ನು.

ನಮ್ಮ ಗೈಡ್ ತಿಗಳರಲ್ಲ. ಆದರೂ ಕರಗದ ದಾರಿ ಅವರಿಗೆ ಕಂಠಪಾಠ. ಹೂವಿನ ಕರಗ ಯಾವ ಮೂಲೆಯಲ್ಲಿ ತಿರುಗುತ್ತದೆ, ಯಾವ ಗುಡಿಯ ಮುಂದೆ ನಿಲ್ಲುತ್ತದೆ, ಎಲ್ಲಿ ಕೇಬಲ್ಲಿನ ತಂತಿ ಅಡ್ಡ ಬರದಂತೆ ಹುಡುಗರು ಕೋಲು ಹಿಡಿದು ಎತ್ತುತ್ತಾರೆ ಎಂದು ನಡೆನಡೆದು ತೋರಿಸಿದರು. ಸೀರೆಯುಟ್ಟು ಬಳೆ ತೊಟ್ಟ ಪೂಜಾರಿ ತಲೆಯ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ ಈ ಇಕ್ಕಟ್ಟಿನಲ್ಲಿ ಹಾಯುವುದು, ಸುತ್ತ ಕತ್ತಿ ಹಿಡಿದ ವೀರಕುಮಾರರು, ಇದನ್ನೆಲ್ಲ ಖಾಲಿ ಬೀದಿಯಲ್ಲಿ ನಿಂತು ಅಳತೆ ಮಾಡಿದಾಗ ಟಿ.ವಿ.ಯಲ್ಲಿ ಕಾಣದ್ದು ಕಾಣುತ್ತದೆ. ಬೀದಿಯ ಅಗಲ ಎರಡು ಆಟೊ. ಬೆಳಗಾಗುವ ಮೊದಲು ಕರಗ ಅರಳೇಪೇಟೆಯ, ಅಂದರೆ ಈಗಿನ ಕಾಟನ್‌ಪೇಟೆಯ, ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರಬೇಕು. ಹೋಗಬೇಕೋ ಬೇಡವೋ ಎಂದು ಈಚೆಗೆ ಹೊರಗಿನವರು ಕೆಲವರು ತಕರಾರು ಎತ್ತಿದಾಗ ದೇವಸ್ಥಾನದವರು ಸಂಪ್ರದಾಯ ಬಿಡಲಿಲ್ಲ. ಇದರ ಬಗ್ಗೆ ನಮ್ಮ ಗೈಡಿನ ಮಾತು ಒಂದೇ: “ದಾರಿ ಗೊತ್ತಿರೋದು ಕರಗಕ್ಕೆ, ಟಿ.ವಿ.ಯೋರಿಗಲ್ಲ.”

ದೇವಸ್ಥಾನದಿಂದ ಹಿಂದಕ್ಕೆ ಬಂದರೆ ಗರಡಿಮನೆ. ಬಾಗಿ ಒಳಗೆ ಹೋಗಬೇಕಾದ ಬಾಗಿಲು, ಗೋಡೆಯಲ್ಲಿ ಹನುಮಂತ, ನೆಲದಲ್ಲಿ ಕೆಮ್ಮಣ್ಣಿನ ಮಟ್ಟಿ. ಬೆಳಗಿನ ಸಾಧನೆ ಮುಗಿದಿತ್ತು. ಒಬ್ಬ ಹು‌ಡುಗ ಮಟ್ಟಿಯನ್ನು ಸಲಿಕೆಯಿಂದ ಎತ್ತಿ ಸಡಿಲ ಮಾಡುತ್ತಿದ್ದ. ಐ.ಟಿ. ಕಂಪನಿಯಲ್ಲಿ ರಾತ್ರಿ ಪಾಳಿಯಂತೆ, ಬೆಳಿಗ್ಗೆ ಬಂದು ದಂಡ ಬಸ್ಕಿ ಹೊಡೆದು ಹೋಗಿ ಮಲಗುತ್ತಾನಂತೆ. ಇಲ್ಲಿ ಮಾತ್ರ ಫೋನು ತೆಗೆಯಲು ಅಪ್ಪಣೆ ಸಿಕ್ಕಿತು. ಹುಡುಗನೇ ಗದೆ ಎತ್ತಿ ನಿಂತು “ಹಾಕಿ ಸಾರ್, ಟ್ಯಾಗ್ ಮಾಡಿ” ಎಂದ.

ದುಡ್ಡಿನ ಮಾತು ಹೇಳಬೇಕು. ಗೈಡಿಗೆ ನಾವು ಕೊಟ್ಟದ್ದು ಮಾಲಿನಲ್ಲಿ ನಾಲ್ಕು ಜನ ಊಟ ಮಾಡುವಷ್ಟು. ಅವರ ಲೆಕ್ಕದಲ್ಲಿ ಅದು ಪೂರ್ತಿ ಅವರದಲ್ಲ. ಮಗ್ಗದ ಮನೆಯವರು ಕಾಸು ಮುಟ್ಟುವುದಿಲ್ಲ, ಹಾಗಾಗಿ ಆಗಾಗ ಯಾರಾದರೂ ಸೀರೆ ಕೇಳಿದರೆ ನೇರ ಅಲ್ಲಿಗೇ ಕಳಿಸುತ್ತಾರೆ. ಗರಡಿಗೆ ಹನುಮ ಜಯಂತಿಗೆ ಇಷ್ಟು ಎಂದು ಸಲ್ಲುತ್ತದೆ. ದೊಡ್ಡ ಪ್ರವಾಸಿ ಕಂಪನಿಯೊಂದು ಬಂದು ವಾರಕ್ಕೆ ಮೂರು ತಂಡ ಕೊಡುತ್ತೇವೆ, ತಂಡಕ್ಕೆ ಇಪ್ಪತ್ತು ಜನ, ಸಮಯಕ್ಕೆ ಸರಿಯಾಗಿ ಮಗ್ಗ ಓಡುತ್ತಿರಬೇಕು ಎಂದಿತಂತೆ. “ಮಗ್ಗ ಓಡಿಸೋಕೆ ನೂಲು ಕೊಡ್ತೀರಾ ಅಂದೆ. ಮತ್ತೆ ಫೋನ್ ಬರ್ಲಿಲ್ಲ.” ಇಪ್ಪತ್ತು ಜನ ಒಟ್ಟಿಗೆ ನಿಂತರೆ ಆ ಗಲ್ಲಿಯಲ್ಲಿ ಹಾಲಿನವನೂ ದಾಟುವಂತಿಲ್ಲ. ಒಂದು ಸಲಕ್ಕೆ ನಾಲ್ಕೇ ಜನ ಎಂಬ ಅವರ ಷರತ್ತು ಬೆಲೆ ಏರಿಸುವ ಉಪಾಯವಲ್ಲ ಎಂದು ನನಗೆ ಅರ್ಥವಾದದ್ದು ಅಲ್ಲಿ ನಡೆದ ಮೇಲೆ.

ಅವರ ಹತ್ತಿರ ಬರುವವರಲ್ಲಿ ಪೇಟೆ ನೋಡುವವರಿಗಿಂತ ತಾತನ ಮನೆ ಹುಡುಕುವವರು ಹೆಚ್ಚಂತೆ. 1898ರ ಪ್ಲೇಗು ಪೇಟೆಯನ್ನು ಬರಿದು ಮಾಡಿದಾಗ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರದ ಕಡೆ ಹೋದರು. ಅರ್ಧ ಶತಮಾನದ ಮೇಲೆ ಜಯನಗರ ಎದ್ದಾಗ ಮತ್ತೊಂದಿಷ್ಟು ಜನ. ಅವರ ಮೊಮ್ಮಕ್ಕಳು ಈಗ ಸ್ಯಾನ್‌ಹೋಸೆಯಲ್ಲೋ ಸಿಂಗಪುರದಲ್ಲೋ ಇದ್ದು, ರಜೆಗೆ ಬಂದಾಗ ಹಳೆಯ ಪೋಸ್ಟ್‌ಕಾರ್ಡ್ ಹಿಡಿದು ಬರುತ್ತಾರೆ. ಕಾರ್ಡಿನ ಮೇಲಿನ ಬಾಗಿಲ ನಂಬರು ಎಂದೋ ಬದಲಾಗಿರುತ್ತದೆ. ಗಲ್ಲಿಯ ಹೆಸರು ಕೂಡ.

ಹಾಗೆ ಬಂದ ಅಣ್ಣ ತಂಗಿಯ ಕಥೆ ಹೇಳಿದರು. ಕಾರ್ಡಿನಲ್ಲಿ ಪೇಟೆಯ ಹೆಸರು, ಬಾವಿ ಎದುರು ಎಂದಷ್ಟೇ ಇತ್ತು. ಗೈಡ್ ಮೊದಲು ಕೇಳಿದ್ದು, ನಿಮ್ಮ ಅಜ್ಜಿ ಯಾವ ದೇವಸ್ಥಾನಕ್ಕೆ ಹೋಗುತ್ತಿದ್ದರು? ಅವರಿಗೆ ಗೊತ್ತಿಲ್ಲ. ಜಯನಗರದಲ್ಲಿದ್ದ ತೊಂಬತ್ತರ ಸೋದರತ್ತೆಗೆ ಅಲ್ಲಿಂದಲೇ ಫೋನು ಹಾಕಿಸಿದರು. ಅತ್ತೆ ರಂಗಸ್ವಾಮಿ ಗುಡಿ ಅಂದರು. “ಹೋಗ್ತಾ ಚಿಕ್ಕಪೇಟೆ ರಸ್ತೆ ದಾಟ್ತಿದ್ರಾಮ್ಮ?” ಇಲ್ಲ, ದಾಟಿಸುತ್ತಿರಲಿಲ್ಲ, ಜಟಕಾ ಓಡಾಡುತ್ತಿತ್ತಲ್ಲ. ಅಲ್ಲಿಗೆ ರಸ್ತೆಯ ಒಂದು ಮಗ್ಗುಲು ಪೂರ್ತಿ ಬಿಟ್ಟಹಾಗಾಯಿತು. ಗಾಣದ ಸದ್ದು ಕೇಳುತ್ತಿತ್ತಾ? ಕೇಳುತ್ತಿತ್ತು. ಇನ್ನೆರಡು ಗಲ್ಲಿ ಬಿಟ್ಟವು. ಉಳಿದ ಗಲ್ಲಿಯಲ್ಲಿ ಚಪ್ಪಡಿ ಮುಚ್ಚಿದ ಬಾವಿಯ ಮೇಲೆ ಸ್ಕೂಟರುಗಳು ನಿಂತಿದ್ದವು. ಎದುರಿನ ಮನೆಯ ಕೆಳಗೆ ಜಿಪ್ಪು, ಗುಂಡಿಯ ಗೋಡೌನು, ಮೇಲೆ ಹಳೆಯ ಕಂಬ ಹಾಗೇ ಇದ್ದವು.

ಮಾಲೀಕರು ರಾಜಸ್ಥಾನದಿಂದ ಬಂದ ಮನೆತನದವರು, ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕನ್ನಡ ನೀರು ಕುಡಿದ ಹಾಗೆ. ವಿಷಯ ಕೇಳಿದವರೇ ಒಳಗೆ ಹೋಗಿ ಕ್ರಯಪತ್ರದ ಜೆರಾಕ್ಸ್ ತಂದು ಮೇಜಿನ ಮೇಲಿಟ್ಟರು. “ನೋಡಿ, ಎಲ್ಲ ಸರಿಯಾಗಿದೆ. ಕೇಸ್ ಹಾಕೋಕೆ ಬಂದಿದ್ದೀರಾ?” ಅಣ್ಣ ತಂಗಿ ಅಲ್ಲ ಅಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ ನಮ್ಮ ಗೈಡ್ ಜವಾಬ್ದಾರಿ ಹೊತ್ತ ಮೇಲೆ ಮೇಲೆ ಹೋಗಿ ಹತ್ತು ನಿಮಿಷ ನೋಡಲು ಬಿಟ್ಟರು, ಬಾದಾಮಿ ಹಾಲು ತರಿಸಿದರು. ಅಂದಿನಿಂದ ಯಾರನ್ನಾದರೂ ತಾತನ ಮನೆಗೆ ಕರೆದೊಯ್ಯುವ ಮೊದಲು ಗೈಡ್ ಮಾಲೀಕರಿಗೆ ಫೋನು ಮಾಡುತ್ತಾರೆ. “ಬರೀ ನೋಡೋರು ಅಂತ ಹೇಳ್ತೀನಿ ಸಾರ್. ಆದ್ರೂ ಎಲ್ರೂ ಮೊದ್ಲು ಕೇಳೋದು, ಅವರಲ್ಲಿ ಲಾಯರ್ ಯಾರಾದ್ರೂ ಇದ್ದಾರಾ ಅಂತ.”